ಕಾಫಿಯಲ್ಲಿ ತೊಳೆದ ಕಾಡು

ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಮಳೆಗಾಲದಲ್ಲಿ, ಊರ ಮುಖಂಡರಾದ ತಕ್ಕರ ಒಪ್ಪಿಗೆ ಪಡೆದು, ಅಂಥದೊಂದು ಕಾಡಿನೊಳಗೆ ರೀಲು ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿದರೆ, ನಡುಹಗಲಿನಲ್ಲಿಯೂ ಅದರ ಕಿಂಡಿಯನ್ನು ಕೆಲವು ಸೆಕೆಂಡು ತೆರೆದಿಡಬೇಕಾಗುತ್ತದೆ. ಅಷ್ಟರಲ್ಲಿ ಬೊಡ್ಡೆಗಳು ಸ್ಪಷ್ಟವಾಗಿ ಮೂಡುತ್ತವೆ, ಗಾಳಿಗೆ ಅಲುಗಿದ ಎಲೆಗಳು ಹೊಗೆಯಂತಾಗುತ್ತವೆ. ರೀಲಿನಲ್ಲಿರುವುದು 36 ಚಿತ್ರಗಳು ಮಾತ್ರ. ಆದ್ದರಿಂದ ಗಾಳಿ ನಿಲ್ಲುವವರೆಗೆ ಕಾಯುವುದು ತಾನಾಗಿ ರೂಢಿಯಾಗುತ್ತದೆ.

ಪ್ರಾಣಿಗಳ ಮೂಳೆ, ಚರ್ಮಗಳಿಂದ ತೆಗೆದ ಜೆಲಟಿನ್‌ನಲ್ಲಿ ಸಿಲ್ವರ್ ಹ್ಯಾಲೈಡ್ ಎಂಬ ಬೆಳ್ಳಿಯ ಲವಣದ ಹರಳುಗಳನ್ನು ಬೆರೆಸಿ ರೀಲಿನ ಮೇಲೆ ಲೇಪಿಸಿರುತ್ತಾರೆ. ಬೆಳಕು ತಾಗಿದ ಹರಳಿನಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಒಟ್ಟುಗೂಡುತ್ತವೆ. ಚಿತ್ರ ಆಗಲೇ ಅಲ್ಲಿದೆ, ಆದರೆ ಕಣ್ಣಿಗೆ ಕಾಣದು. ಡೆವಲಪರ್ ದ್ರಾವಣವು ಎಲೆಕ್ಟ್ರಾನುಗಳನ್ನು ಒದಗಿಸಿ ಅಂಥ ಹರಳನ್ನು ಇಡಿಯಾಗಿ ಬೆಳ್ಳಿಯಾಗಿಸಿದಾಗ ಮಾತ್ರ ಆ ಜಾಗ ಕಪ್ಪಾಗುತ್ತದೆ.

ಈ ಕೆಲಸವನ್ನು ಕಾಫಿಯೂ ಮಾಡಬಲ್ಲದೆಂದು 1995ರಲ್ಲಿ ಅಮೆರಿಕದ ರೋಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಸ್ಕಾಟ್ ವಿಲಿಯಮ್ಸ್ ಮತ್ತು ಅವರ ವಿದ್ಯಾರ್ಥಿಗಳು ತೋರಿಸಿದರು. ಈ ವಿಧಾನಕ್ಕೆ ಕೆಫೆನಾಲ್ ಎಂಬ ಹೆಸರಿದ್ದರೂ ಕೆಫೀನಿಗೆ ಇದರಲ್ಲಿ ಪಾತ್ರವಿಲ್ಲ. ದುಡಿಯುವುದು ಕೆಫೀಕ್ ಆಮ್ಲದಂಥ ಫೀನಾಲುಗಳು, ಅಂದರೆ ಗಿಡವು ತನ್ನ ರಕ್ಷಣೆಗಾಗಿ ತಯಾರಿಸಿಕೊಳ್ಳುವ ವಸ್ತುಗಳು. ಬಳಕೆಯಲ್ಲಿರುವ ಒಂದು ಪಾಕದಂತೆ, ಲೀಟರ್ ನೀರಿಗೆ 54 ಗ್ರಾಂ ವಾಷಿಂಗ್ ಸೋಡಾ, 16 ಗ್ರಾಂ ವಿಟಮಿನ್ ಸಿ, 40 ಗ್ರಾಂ ಇನ್‌ಸ್ಟಂಟ್ ಕಾಫಿ ಪುಡಿ ಬೆರೆಸಿ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ ರೀಲನ್ನು ಮುಳುಗಿಸಿಡಬೇಕು. ಅಡುಗೆ ಸೋಡಾದ ಕ್ಷಾರ ಇದಕ್ಕೆ ಸಾಲದು. ಕೆಫೀಕ್ ಬಗೆಯ ಆಮ್ಲಗಳು ಅರೇಬಿಕಾಕ್ಕಿಂತ ರೋಬಸ್ಟಾದಲ್ಲಿ ಹೆಚ್ಚು. ಲೋಟದಲ್ಲಿ ಅರೇಬಿಕಾದಷ್ಟು ಮಾನ ಸಿಗದ ನಮ್ಮ ರೋಬಸ್ಟಾಕ್ಕೆ ಕತ್ತಲೆಕೋಣೆಯಲ್ಲಾದರೂ ಮೇಲುಗೈ ದೊರೆಯುತ್ತದೆ. ವಾಸನೆಯ ವಿಷಯ ಬೇರೆ: ಕಾಫಿ ತೋಟದ ನಡುವೆಯೇ ಬೆಳೆದ ನನಗೂ ಅದನ್ನು ಸಹಿಸುವುದು ಕಷ್ಟ.

ಕೊನೆಗೆ, ಬೆಳಕು ತಾಗದೆ ಉಳಿದ ಹರಳುಗಳನ್ನು ಹೈಪೋ ಎಂಬ ಲವಣದ ದ್ರಾವಣ ಕರಗಿಸುತ್ತದೆ. ಅದರ ಈ ಗುಣವನ್ನು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1819ರಲ್ಲೇ ಗುರುತಿಸಿದ್ದರು. ಕೊಡಗಿನ ಕಷ್ಟ ಶುರುವಾಗುವುದು ಇದಾದ ಮೇಲೆ. ಜೂನ್‌ನಿಂದಾಚೆಗೆ ಜೆಲಟಿನ್ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ, ಬೂಷ್ಟಿಗೆ ಅದು ಒಳ್ಳೆಯ ಆಹಾರ. ನಾನು ದೇವರಕಾಡಿನಲ್ಲಿ ತೆಗೆದ ಒಂದು ಚಿತ್ರದಲ್ಲಿ ಕೊಂಬೆಯ ಉದ್ದಕ್ಕೂ ಕಲ್ಲುಹೂವು ಹಬ್ಬಿದಂತಿತ್ತು. ಭೂತಗನ್ನಡಿ ಹಿಡಿದು ನೋಡಿದಾಗ ಅರ್ಧ ಮಾತ್ರ ಕಲ್ಲುಹೂವು, ಉಳಿದದ್ದು ನನ್ನ ಪೆಟ್ಟಿಗೆಯಲ್ಲಿ ರೀಲಿನ ಮೇಲೆಯೇ ಬೆಳೆದ ಬೂಷ್ಟು.