ಸ್ಮಾಲ್ ಬ್ಲಾಕ್, ಬಿಗ್ ಬ್ಲಾಕ್: ಅಮೆರಿಕದ ವಿ8 ಎಂಜಿನ್‌ಗಳ ಎರಡು ದಾರಿ

ಅಮೆರಿಕದ ಹಳೆಯ ಮಸಲ್ ಕಾರುಗಳ, ಅಂದರೆ ಬಲವಾದ ಎಂಜಿನ್ ಕೂಡಿಸಿದ ವೇಗದ ಕಾರುಗಳ, ವಿ8 ಎಂಜಿನ್‌ಗಳಲ್ಲಿ (ವಿ ಆಕಾರದ ಎರಡು ಸಾಲಿನಲ್ಲಿ ಎಂಟು ಸಿಲಿಂಡರ್ ಇರುವಂಥವು) ಸಿಲಿಂಡರ್‌ಗಳ ಒಟ್ಟು ಘನ ಅಳತೆ ಹೆಚ್ಚಿದ್ದದ್ದು ಬಿಗ್ ಬ್ಲಾಕ್, ಕಡಿಮೆ ಇದ್ದದ್ದು ಸ್ಮಾಲ್ ಬ್ಲಾಕ್ ಎಂದು ತಿಳಿದವರೇ ಹೆಚ್ಚು. ಆದರೆ ಷೆವರ್ಲೆಯ 1965ರ ಬಿಗ್ ಬ್ಲಾಕ್ 396 ಘನ ಅಂಗುಲದ್ದಾಗಿದ್ದರೆ, ಅದೇ ಕಂಪನಿಯ 1970ರ ಸ್ಮಾಲ್ ಬ್ಲಾಕ್ 400 ಘನ ಅಂಗುಲ ಮುಟ್ಟಿತ್ತು. ನಿಜವಾದ ವ್ಯತ್ಯಾಸ ಇರುವುದು ಬ್ಲಾಕಿನ, ಅಂದರೆ ಸಿಲಿಂಡರ್‌ಗಳನ್ನು ಹೊತ್ತ ಎರಕದ ಒಡಲಿನ, ಗಾತ್ರದಲ್ಲಿ. ಅಕ್ಕಪಕ್ಕದ ಸಿಲಿಂಡರ್‌ಗಳ ಕೇಂದ್ರಗಳ ನಡುವಿನ ಅಂತರ ಷೆವರ್ಲೆಯ ಸ್ಮಾಲ್ ಬ್ಲಾಕಿನಲ್ಲಿ 4.4 ಅಂಗುಲ, 1965ರ ಬಿಗ್ ಬ್ಲಾಕಿನಲ್ಲಿ 4.84 ಅಂಗುಲ.

ಎಡ್ ಕೋಲ್ ಮುಖ್ಯ ಎಂಜಿನಿಯರ್ ಆಗಿದ್ದಾಗ ರೂಪುಗೊಂಡು 1955ರ ಮಾದರಿಗಳಲ್ಲಿ ಬಂದ 265 ಘನ ಅಂಗುಲದ ಷೆವರ್ಲೆ ವಿ8, ಹಗುರವಾಗಿಯೂ ಅಗ್ಗವಾಗಿಯೂ ಇತ್ತು. ಆದರೆ ಅಲ್ಲಿಂದಾಚೆಗೆ ಕಾರುಗಳು ವರ್ಷದಿಂದ ವರ್ಷಕ್ಕೆ ಭಾರವಾಗುತ್ತ ಹೋದದ್ದರಿಂದ, ಅವುಗಳಿಗೂ ಟ್ರಕ್‌ಗಳಿಗೂ ಹೊಂದುವ ದೊಡ್ಡ ಎಂಜಿನ್ ಬೇಕಾಯಿತು. 1958ರಲ್ಲಿ ಷೆವರ್ಲೆಯ 348, ಫೋರ್ಡ್‌ನ ಎಫ್‌ಇ, ಕ್ರೈಸ್ಲರ್‌ನ ಬಿ ಎಂಜಿನ್‌ಗಳು ಒಟ್ಟಿಗೇ ಬಂದದ್ದು ಇದೇ ಕಾರಣಕ್ಕೆ. ಬಿಗ್ ಬ್ಲಾಕ್ ಹುಟ್ಟಿದ್ದು ಭಾರ ಎಳೆಯಲಿಕ್ಕೆ, ಓಟದ ಖ್ಯಾತಿ ಆಮೇಲೆ ಬಂದದ್ದು. (ಪಾಂಟಿಯಾಕ್ ಎಂಬ ಕಾರಿನ ಬ್ರ್ಯಾಂಡ್ ಈ ಪಂಗಡಗಳಿಗೆ ಸೇರುವುದೇ ಇಲ್ಲ: ಅದರ 326ರಿಂದ 455 ಘನ ಅಂಗುಲದವರೆಗಿನ ಎಂಜಿನ್‌ಗಳ ಹೊರಗಾತ್ರ ಹೆಚ್ಚುಕಡಿಮೆ ಒಂದೇ.)

ಮಧ್ಯಮ ಗಾತ್ರದ ಕಾರುಗಳಿಗೆ ತಾನೇ ಹಾಕಿಕೊಂಡಿದ್ದ 400 ಘನ ಅಂಗುಲದ ಮಿತಿಯನ್ನು ಷೆವರ್ಲೆಯ ಮಾತೃ ಸಂಸ್ಥೆ ಜನರಲ್ ಮೋಟಾರ್ಸ್ 1970ರ ಮಾದರಿಗಳಿಗೆ ತೆಗೆದುಹಾಕಿದಾಗ, ಷೆವರ್ಲೆಯ ಷೆವೆಲ್ ಕಾರಿಗೆ ಕಂಪನಿಯೇ 450 ಅಶ್ವಶಕ್ತಿ ಎಂದು ಘೋಷಿಸಿದ 454 ಎಂಜಿನ್ ದೊರೆಯಿತು. ನೇರ ರಸ್ತೆಯ ಡ್ರ್ಯಾಗ್ ಓಟಕ್ಕೆ ಇಂಥ ಬಲ ಬೇಕೇ ಬೇಕು. ತಿರುವುಗಳಲ್ಲಿ ಮಾತ್ರ ಮುಂಭಾಗದ ಹೆಚ್ಚಿನ ತೂಕ ಕಾರನ್ನು ಹೊರಕ್ಕೆ ತಳ್ಳುತ್ತದೆ. ತಿರುವುಗಳ ಟ್ರ್ಯಾಕಿನಲ್ಲಿ ನಡೆಯುವ ಟ್ರಾನ್ಸ್-ಆಮ್ ಕಾರು ಸ್ಪರ್ಧೆಯ 5 ಲೀಟರ್ (ಸುಮಾರು 305 ಘನ ಅಂಗುಲ) ಮಿತಿಯೊಳಗೆ ನಿಲ್ಲಲು, ಷೆವರ್ಲೆಯದೇ 327 ಘನ ಅಂಗುಲದ ಎಂಜಿನ್ನಿನ ಸಿಲಿಂಡರ್ ಅಗಲವನ್ನೂ 283ರ ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸುವ ದಂಡದ) ಪಿಸ್ಟನ್ ಚಲನೆಯನ್ನೂ ಕೂಡಿಸಿ 1967ರಲ್ಲಿ ಕಮಾರೊ ಝಡ್/28 (Z/28) ಕಾರಿಗಾಗಿ ಮಾಡಿದ 302 ಎಂಜಿನ್ ಈ ಕಾಲದ ಅತ್ಯಂತ ಜಾಣ ಕೆಲಸವೆಂದು ನಾನು ಎಣಿಸುತ್ತೇನೆ. ಇದ್ದ ಭಾಗಗಳಿಂದಲೇ ವೇಗವಾಗಿ ತಿರುಗುವ, ಹಗುರವಾದ ಎಂಜಿನ್ ಸಿದ್ಧವಾಗಿತ್ತು.

ವಿಮೆಯ ದುಬಾರಿ ಕಂತು, 1970ರ ಶುದ್ಧ ಗಾಳಿ ಕಾನೂನು, ಕಡಿಮೆ ಸೀಸದ ಪೆಟ್ರೋಲಿಗಾಗಿ 1971ರಲ್ಲಿ ಇಳಿಸಿದ ಕಂಪ್ರೆಷನ್ (ಸಿಲಿಂಡರಿನಲ್ಲಿ ಇಂಧನ-ಗಾಳಿಯ ಮಿಶ್ರಣವನ್ನು ಒತ್ತುವ ಪ್ರಮಾಣ), 1973ರ ತೈಲ ಬಿಕ್ಕಟ್ಟು, ಇವೆಲ್ಲ ಸೇರಿ ಬಿಗ್ ಬ್ಲಾಕನ್ನು ಕಾರುಗಳಿಂದ ಹೊರದಬ್ಬಿದವು. ಷೆವರ್ಲೆಯ ಸ್ಪೋರ್ಟ್ಸ್ ಕಾರು ಕಾರ್ವೆಟ್‌ನಲ್ಲಿ ಅದು 1974ರಲ್ಲಿ ಕೊನೆಗೊಂಡರೂ ಟ್ರಕ್‌ಗಳಲ್ಲಿ ದಶಕಗಳ ಕಾಲ ಉಳಿಯಿತು. ಸ್ಮಾಲ್ ಬ್ಲಾಕ್ ಕಾರುಗಳಲ್ಲೇ ಮುಂದುವರಿಯಿತು. 1997ರ ಕಾರ್ವೆಟ್‌ಗಾಗಿ ಹೊಸದಾಗಿ ರೂಪಿಸಿದ ಎಲ್‌ಎಸ್1 ಎಂಜಿನ್‌ನಲ್ಲೂ ಎಂಜಿನಿಯರುಗಳು ಸಿಲಿಂಡರ್ ಅಂತರವನ್ನು ಅದೇ 4.4 ಅಂಗುಲಕ್ಕೆ ಇಟ್ಟರು.