ಪ್ರಬಂಧ ತೆರೆದರೆ ಬರೀ ಇಂಗ್ಲಿಷ್ ಅಕ್ಷರ

ಪಿಎಚ್‌ಡಿ ಸಲ್ಲಿಸುವ ಸಮಯ ಬಂತೆಂದರೆ ಕನ್ನಡ ವಿಭಾಗದಿಂದ, ವಿಶ್ವವಿದ್ಯಾಲಯದ ಕಂಪ್ಯೂಟರ್ ನೋಡಿಕೊಳ್ಳುವ ನಮಗೆ ಫೋನ್ ಬರುತ್ತದೆ. 'ಸರ್, ಪ್ರಬಂಧವನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೀಟು!' ನಾಲ್ಕೈದು ವರ್ಷದ ದುಡಿಮೆ ಹೋಯ್ತು ಅಂತ ಗಾಬರಿ. ಫೈಲ್ ಕೆಟ್ಟಿರುವುದಿಲ್ಲ. ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯ ಹಳೆಯ ಫಾಂಟ್‌ನಲ್ಲಿ ಟೈಪ್ ಆಗಿರುತ್ತದೆ, ಅಷ್ಟೇ.

ಕಂಪ್ಯೂಟರ್ ಪ್ರತಿ ಅಕ್ಷರವನ್ನೂ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ನುಡಿ ಮತ್ತು ಅಂಥದೇ ತಂತ್ರಾಂಶ 'ಬರಹ'ದ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ಆಕಾರ ತೊಡಿಸುತ್ತವೆ. ಆ ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಹಾಗಲ್ಲ. ಅಲ್ಲಿ 'ಕ'ಗೆ 3221 ಎಂಬ ಸ್ವಂತ ಸಂಖ್ಯೆ ಇದೆ. ಯಾವ ಫಾಂಟ್ ಹಾಕಿದರೂ ಅದು 'ಕ'.

ಫಾಂಟ್ ಹಾಕಿಕೊಟ್ಟು 'ದೂರು ಮುಗಿಯಿತು' ಎಂದು ಬರೆಯುವುದು ಸುಲಭ. ಮೊದಮೊದಲು ನಾನೂ ಹಾಗೇ ಮಾಡುತ್ತಿದ್ದೆ. ಅದು ತಪ್ಪು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದಂತೆ ಪ್ರಬಂಧದ ಡಿಜಿಟಲ್ ಪ್ರತಿ ಕೊಡಬೇಕು, ಅದು ದೇಶದ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾಕ್ಕೆ ಸೇರುತ್ತದೆ. ಹಳೆಯ ಫಾಂಟ್‌ನಲ್ಲಿದ್ದರೂ ಪಿಡಿಎಫ್ ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಅದರೊಳಗೆ 'ವಚನ' ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಅಷ್ಟು ಕಷ್ಟಪಟ್ಟು ಬರೆದದ್ದು ಯಾರ ಕೈಗೂ ಸಿಗದಿದ್ದರೆ ಹೇಗೆ?

ಯುನಿಕೋಡ್‌ಗೆ ಪರಿವರ್ತಿಸಬಹುದು. ಆದರೆ ಕಣ್ಣು ಮುಚ್ಚಿ ಬಟನ್ ಒತ್ತಬೇಡಿ. 'ಧರ್ಮ'ದ ಅರ್ಕಾವತ್ತು ಹಳೆಯ ಫಾಂಟ್‌ನಲ್ಲಿ ಮಕಾರದ ನಂತರ ಕೂತಿರುತ್ತದೆ, ಯುನಿಕೋಡ್‌ನಲ್ಲಿ ಮಕಾರಕ್ಕಿಂತ ಮೊದಲು ಬರಬೇಕು. ಇಲ್ಲಿ ಎಡವಿದರೆ ಪದವೇ ಕೆಡುತ್ತದೆ. ಅಡಿಟಿಪ್ಪಣಿಯ ಇಂಗ್ಲಿಷ್ ಹೆಸರುಗಳನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ಏನೇನೋ ಮಾಡಿಬಿಡುತ್ತದೆ. ಅದಕ್ಕೇ ವರ್ಡ್‌ನಲ್ಲಿ ಫಾಂಟ್ ಹಿಡಿದು ಹುಡುಕಿ, ಇಂಗ್ಲಿಷ್ ಭಾಗಗಳನ್ನು ಮೊದಲೇ ಬೇರ್ಪಡಿಸುತ್ತೇನೆ. ಮೂಲ ಫೈಲ್ ಮುಟ್ಟುವುದಿಲ್ಲ. ಒಂದೊಂದೇ ಅಧ್ಯಾಯ ಮಾಡಿ, ಮುದ್ರಿತ ಪ್ರತಿ ಪಕ್ಕದಲ್ಲಿಟ್ಟುಕೊಂಡು ಓದಲು ವಿದ್ಯಾರ್ಥಿಗೇ ಹೇಳುತ್ತೇನೆ. ಶಾಸನದ ಸಾಲು ಸರಿಯಾಗಿದೆಯೋ ಇಲ್ಲವೋ ನನಗಿಂತ ಅವರಿಗೆ ಗೊತ್ತು, ಅಲ್ವಾ?

ರಸಾಯನಶಾಸ್ತ್ರದವರ ಕಷ್ಟ ಬೇರೆ. ಅಲ್ಲಿ ಲಕ್ಷಾಂತರ ರೂಪಾಯಿಯ ಉಪಕರಣ ಇನ್ನೂ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರನ್ನೇ ನಂಬಿಕೊಂಡಿರುತ್ತದೆ. 2014ರ ಏಪ್ರಿಲ್‌ನಲ್ಲೇ ಎಕ್ಸ್‌ಪಿಗೆ ಬೆಂಬಲ ನಿಂತಿತು, ಭದ್ರತೆಯ ಅಪ್‌ಡೇಟ್ ಬರುವುದಿಲ್ಲ. ಹೊಸ ವಿಂಡೋಸ್ ಹಾಕಿದರೆ ಉಪಕರಣದ ತಂತ್ರಾಂಶ ಓಡದೇ ಹೋಗಬಹುದು. ಹಾಗಾಗಿ ಆ ಹಳೆಯ ಕಂಪ್ಯೂಟರನ್ನೇ ಉಳಿಸಿ, ನೆಟ್‌ವರ್ಕ್‌ನಿಂದ ಬಿಡಿಸಿಡುತ್ತೇವೆ. ಎಲ್ಲ ವಿಭಾಗಕ್ಕೂ ಒಂದೇ ನಿಯಮ ಹೇರುವವರಿಗೆ ಇದು ಅರ್ಥವಾಗುವುದಿಲ್ಲ.

ಕನ್ನಡ ವಿಭಾಗದಲ್ಲಿ ಈಗ ನೋಂದಣಿಯ ವಾರವೇ ಹೋಗಿ ಕೂರುತ್ತೇನೆ. ಹೊಸ ನುಡಿಯಲ್ಲಿ ಯುನಿಕೋಡ್ ಆಯ್ಕೆ ಇದೆ, ಕೀಲಿಮಣೆ ಅದೇ. ಬೆರಳಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಒಬ್ಬೊಬ್ಬರ ಲ್ಯಾಪ್‌ಟಾಪ್‌ಗೆ ಹತ್ತು ನಿಮಿಷ ಸಾಕು.