ಫ್ಯಾಮಿಲಿ ಡಾಕ್ಟರೂ ಸರ್ಕಾರಿ ಆಸ್ಪತ್ರೆಯೂ ದೂರವಾಗಿದ್ದು ಹೇಗೆ? ಬ್ರಿಟಿಷ್ ಕೊಲಂಬಿಯಾದ ಅರವತ್ತು ವರ್ಷಗಳ ಕಥೆ

ಕೆನಡಾದಲ್ಲಿ ಡಾಕ್ಟರಿಗೆ ತೋರಿಸಿದರೆ ಜೇಬಿಂದ ಫೀಸು ಕೊಡಬೇಕಿಲ್ಲ. ಇದನ್ನು ಕೇಳಿದವರು ಅಲ್ಲಿನ ಡಾಕ್ಟರುಗಳೆಲ್ಲ ಸರ್ಕಾರಿ ನೌಕರರು ಅಂದುಕೊಳ್ಳುತ್ತಾರೆ. ಹಾಗಿಲ್ಲ. ಬಹುಪಾಲು ಫ್ಯಾಮಿಲಿ ಡಾಕ್ಟರುಗಳು ಸ್ವತಂತ್ರವಾಗಿ ಕ್ಲಿನಿಕ್ ನಡೆಸುವವರು. ಬಾಡಿಗೆ, ಕಂಪ್ಯೂಟರ್, ರಿಸೆಪ್ಷನ್‌ನಲ್ಲಿ ಕೂರುವವರ ಸಂಬಳ ಎಲ್ಲವೂ ಅವರ ತಲೆಮೇಲೆ. ರೋಗಿಯನ್ನು ನೋಡಿದ್ದಕ್ಕೆ ಅವರು ಕಳಿಸುವ ಬಿಲ್ಲನ್ನು ಸರ್ಕಾರ ಕಟ್ಟುತ್ತದೆ. ಆದರೆ ಆಸ್ಪತ್ರೆ, ಮನೆಗೆ ಬರುವ ನರ್ಸು, ಮಾನಸಿಕ ಆರೋಗ್ಯ ಸೇವೆ ಇವೆಲ್ಲ ಬೇರೆಯವರ ಕೈಯಲ್ಲಿ. ಈ ಒಡಕು ಎಲ್ಲಿಂದ ಬಂತು, ಅದನ್ನು ಮುಚ್ಚಲು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಏನೆಲ್ಲ ಮಾಡಿತು ಅನ್ನುವುದು ನಮಗೂ ಕೆಲಸಕ್ಕೆ ಬರುವ ಕಥೆ.

ಶುರುವಾಗಿದ್ದು ಪಕ್ಕದ ಪ್ರಾಂತ್ಯವೊಂದನ್ನು ದಾಟಿ, ಸಸ್ಕಾಚೆವಾನ್‌ನಲ್ಲಿ. 1962ರ ಜುಲೈ 1ರಂದು ಅಲ್ಲಿನ ಸರ್ಕಾರ ಎಲ್ಲರಿಗೂ ವೈದ್ಯಕೀಯ ವಿಮೆ ಜಾರಿಗೆ ತಂದಿತು. ಅದಕ್ಕೂ ಮೊದಲು ಅಲ್ಲಿ ಮುಖ್ಯಮಂತ್ರಿಯಾಗಿದ್ದ ಟಾಮಿ ಡಗ್ಲಸ್ ವರ್ಷಗಟ್ಟಲೆ ಹಟ ಹಿಡಿದು ಕಟ್ಟಿದ ಯೋಜನೆ ಅದು. ಅದೇ ದಿನ ಡಾಕ್ಟರುಗಳು ಮುಷ್ಕರ ಹೂಡಿದರು. ಸರ್ಕಾರದ ಆಳುಗಳಾಗಿಬಿಡುತ್ತೇವೆ ಅನ್ನುವ ಭಯ ಅವರದು. ಸರ್ಕಾರ ಬ್ರಿಟನ್ನಿನಿಂದ ಡಾಕ್ಟರುಗಳನ್ನು ಕರೆಸಿತು. ಕೊನೆಗೆ ಸಂಧಾನಕ್ಕೆ ಬಂದದ್ದೂ ಬ್ರಿಟನ್ನಿನ ಒಬ್ಬ ಡಾಕ್ಟರೇ, ಲಾರ್ಡ್ ಸ್ಟೀಫನ್ ಟೇಲರ್. 23 ದಿನಗಳ ಮೇಲೆ ರಾಜಿಯಾಯಿತು. ವಿಮೆ ಉಳಿಯಿತು. ಡಾಕ್ಟರುಗಳು ಸ್ವತಂತ್ರರಾಗಿಯೇ ಉಳಿದರು. ನೋಡಿದ ಒಂದೊಂದು ಸಲಕ್ಕೂ ಇಷ್ಟು ಅಂತ ಸರ್ಕಾರದಿಂದ ಫೀಸು.

1966ರಲ್ಲಿ ಕೇಂದ್ರ ಸರ್ಕಾರ ಕಾನೂನು ತಂದಿತು, 1972ರ ಹೊತ್ತಿಗೆ ಇಡೀ ದೇಶ ಇದೇ ದಾರಿಗೆ ಬಂತು. ಆ ರಾಜಿ ಇಲ್ಲದಿದ್ದರೆ ಯೋಜನೆಯೇ ಮುರಿದುಬೀಳುತ್ತಿತ್ತೋ ಏನೋ. ಆದರೆ ಜನರಿಗೆ ಅತಿ ಹತ್ತಿರದ ಡಾಕ್ಟರೇ ವ್ಯವಸ್ಥೆಯ ಹೊರಗೆ ಉಳಿದರು. ಆಸ್ಪತ್ರೆಯ ಯೋಜನೆ ಮಾಡುವವರು ಅವರನ್ನು ಕೇಳುತ್ತಿರಲಿಲ್ಲ, ಕೇಳಬೇಕಾದ ಕಾರಣವೂ ಇರಲಿಲ್ಲ.

ಈ ದೂರ ಜಾಸ್ತಿಯಾಗಿದ್ದು 90ರ ದಶಕದ ನಂತರ. ಬ್ರಿಟಿಷ್ ಕೊಲಂಬಿಯಾ ತನ್ನ ಆರೋಗ್ಯ ಸೇವೆಯನ್ನು ಪ್ರದೇಶವಾರು ಹಂಚುತ್ತಾ ಹೋಯಿತು. 2001ರ ಕೊನೆಗೆ 52 ಸಂಸ್ಥೆಗಳನ್ನು ಒಟ್ಟುಗೂಡಿಸಿ, ಆಸ್ಪತ್ರೆಯಂಥ ಸೇವೆಗಳನ್ನು ನಡೆಸುವ ಐದು ಪ್ರಾದೇಶಿಕ ಆರೋಗ್ಯ ಪ್ರಾಧಿಕಾರಗಳನ್ನೂ, ಇಡೀ ಪ್ರಾಂತ್ಯಕ್ಕೆ ಇನ್ನೊಂದನ್ನೂ ಮಾಡಿದರು. ಒಂದೊಂದೂ ದೈತ್ಯ ಸಂಸ್ಥೆ. ಇತ್ತ ಒಬ್ಬಿಬ್ಬರೇ ನಡೆಸುವ ಸಣ್ಣ ಕ್ಲಿನಿಕ್ಕುಗಳು. ತನ್ನ ರೋಗಿ ಆಸ್ಪತ್ರೆಯಿಂದ ಮನೆಗೆ ಬಂದದ್ದು ಡಾಕ್ಟರಿಗೆ ಗೊತ್ತಾಗದಿದ್ದರೆ, ಆ ದೂರು ಹೇಳಲು ಯಾರಿಗೆ ಫೋನ್ ಮಾಡಬೇಕು? ಪ್ರಾಧಿಕಾರಕ್ಕೂ ಅದೇ ತೊಂದರೆ. ಊರಿನ ಡಾಕ್ಟರುಗಳ ಅಭಿಪ್ರಾಯ ಬೇಕು ಅಂದರೆ ಯಾರನ್ನು ಕೇಳುವುದು? ನೂರು ಜನ ಇದ್ದರೆ ನೂರು ಕ್ಲಿನಿಕ್.

2002ರಲ್ಲಿ ಸರ್ಕಾರವೂ ಇಡೀ ಪ್ರಾಂತ್ಯದ ಡಾಕ್ಟರುಗಳ ಸಂಘವೂ ಸೇರಿ ಒಂದು ಜಂಟಿ ಸಮಿತಿ ಮಾಡಿಕೊಂಡವು. ಸಕ್ಕರೆ ಕಾಯಿಲೆ, ಹೃದಯದ ತೊಂದರೆಯಂಥ ದೀರ್ಘಕಾಲದ ಕಾಯಿಲೆಗಳನ್ನು ಚೆನ್ನಾಗಿ ನೋಡಿಕೊಂಡರೆ ಹೆಚ್ಚಿನ ಫೀಸು ಅನ್ನುವುದು ಅದರ ಮೊದಲ ಕೆಲಸಗಳಲ್ಲೊಂದು. ನನಗೆ ಮುಖ್ಯ ಅನಿಸುವುದು ಅದರ ನಂತರದ್ದು. 2009ರ ಸುಮಾರಿಗೆ ಆ ಸಮಿತಿ ಪ್ರತಿ ಊರಿನ ಫ್ಯಾಮಿಲಿ ಡಾಕ್ಟರುಗಳೂ ತಮ್ಮದೇ ಸಂಘ ಕಟ್ಟಿಕೊಳ್ಳಲು ಹಣ ಕೊಟ್ಟಿತು. ಲಾಭಕ್ಕಲ್ಲದ, ನೋಂದಾಯಿಸಿದ ಸಂಘಗಳು. ಅವುಗಳಿಗೆ ಡಿವಿಷನ್ಸ್ ಆಫ್ ಫ್ಯಾಮಿಲಿ ಪ್ರಾಕ್ಟೀಸ್ ಅಂತ ಹೆಸರು. ಮುಂದೆ ಇಂಥವು ಪ್ರಾಂತ್ಯದ ತುಂಬ 35ರಷ್ಟಾದವು.

ಸಂಘ ಕಟ್ಟುವುದೇನು ಮಹಾ ಅನ್ನಬಹುದು. ವಿಷಯ ಇರುವುದು ಅದರ ಜೊತೆಗೆ ಬಂದ ಸಭೆಯಲ್ಲಿ. ಊರಿನ ಡಾಕ್ಟರುಗಳ ಸಂಘ, ಪ್ರಾದೇಶಿಕ ಪ್ರಾಧಿಕಾರ, ಜಂಟಿ ಸಮಿತಿ ಮೂರೂ ಕಡೆಯವರು ಎದುರುಬದುರು ಕೂತು ಮಾತಾಡಬೇಕು. ವೋಟು ಹಾಕಿ ಗೆಲ್ಲುವ ಹಾಗಿಲ್ಲ, ಎಲ್ಲರೂ ಒಪ್ಪಿದ್ದು ಮಾತ್ರ ತೀರ್ಮಾನ. ಸಭೆಗೆ ಬರುವ ಡಾಕ್ಟರಿಗೆ ಆ ಹೊತ್ತಿನ ಸಂಭಾವನೆಯೂ ಸಿಗುತ್ತದೆ. ಈ ಸಣ್ಣ ವಿಷಯ ದೊಡ್ಡದು. ಕ್ಲಿನಿಕ್ ಬಾಗಿಲು ಹಾಕಿ ಸುಮ್ನೆ ಬಂದು ಕೂರಿ ಅಂದರೆ ಯಾರು ಬರುತ್ತಾರೆ? ಫ್ಯಾಮಿಲಿ ಡಾಕ್ಟರ್ ಇಲ್ಲದವರು ಆಸ್ಪತ್ರೆ ಸೇರಿದರೆ ಯಾರು ನೋಡಬೇಕು, ವೃದ್ಧಾಶ್ರಮದಿಂದ ರಾತ್ರಿ ಕರೆ ಬಂದರೆ ಯಾರು ಹೋಗಬೇಕು ಅನ್ನುವಂಥ ಪ್ರಶ್ನೆಗಳಿಗೆ ಊರಿನ ಮಟ್ಟದಲ್ಲೇ ಉತ್ತರ ಹುಡುಕಲು ಅಲ್ಲಿಂದ ಒಂದು ಜಾಗ ಸಿಕ್ಕಿತು.

ಆದರೆ ಮಾತುಕತೆಗೂ ಒಂದು ಮಿತಿ ಇತ್ತು. ಅದು ಕಂಡದ್ದು 2013ರಲ್ಲಿ. ಬೇಕೆಂದ ಪ್ರತಿಯೊಬ್ಬರಿಗೂ 2015ರೊಳಗೆ ಒಬ್ಬ ಫ್ಯಾಮಿಲಿ ಡಾಕ್ಟರ್ ಅಂತ ಸರ್ಕಾರ ಘೋಷಿಸಿತು. ಊರೂರಿನ ಸಂಘಗಳು ನಿಜಕ್ಕೂ ದುಡಿದವು. ಎಷ್ಟು ಜನರಿಗೆ ಡಾಕ್ಟರಿಲ್ಲ ಅಂತ ಲೆಕ್ಕ ಹಾಕಿದವು, ನಿವೃತ್ತಿಯಾಗುವವರ ಜಾಗಕ್ಕೆ ಹೊಸಬರನ್ನು ಹುಡುಕಿದವು. ಗುರಿ ಮಾತ್ರ ತಲುಪಲಿಲ್ಲ. ಯಾಕೆಂದರೆ ಫೀಸಿನ ಲೆಕ್ಕ ಹಾಗೇ ಇತ್ತು. ನೆಗಡಿಗೂ ಒಂದು ವಿಸಿಟ್, ಐದು ಕಾಯಿಲೆ ಇರುವ ಅಜ್ಜಿಯ ಜೊತೆ ಅರ್ಧ ಗಂಟೆ ಕೂತರೂ ಮೂಲ ಫೀಸಿನ ಲೆಕ್ಕದಲ್ಲಿ ಒಂದೇ ವಿಸಿಟ್. ವರದಿ ಓದಲು, ತಜ್ಞರಿಗೆ ಪತ್ರ ಬರೆಯಲು ಹಿಡಿಯುವ ಸಂಜೆಗಳಿಗೆ ಹೆಚ್ಚುಕಡಿಮೆ ಏನೂ ಇಲ್ಲ. ಹೊಸದಾಗಿ ಓದಿ ಬಂದವರು ಕ್ಲಿನಿಕ್ಕಿನ ಖರ್ಚು ಹೊರುವ ಬದಲು ಆಸ್ಪತ್ರೆಯಲ್ಲೋ, ಅಪಾಯಿಂಟ್‌ಮೆಂಟ್ ಇಲ್ಲದೆ ಬಂದವರನ್ನು ನೋಡುವ ವಾಕ್-ಇನ್ ಕ್ಲಿನಿಕ್ಕಿನಲ್ಲೋ ಕೆಲಸಕ್ಕೆ ಸೇರಿದರು. ಅವರನ್ನು ದೂರಲು ಆಗುತ್ತಾ?

2018ರಲ್ಲಿ ಮುಖ್ಯಮಂತ್ರಿ ಜಾನ್ ಹೋರ್ಗನ್ ಸರ್ಕಾರ ಪ್ರೈಮರಿ ಕೇರ್ ನೆಟ್‌ವರ್ಕ್ ಯೋಜನೆ ತಂದಿತು. ಒಂದು ಪ್ರದೇಶದ ಕ್ಲಿನಿಕ್ಕುಗಳನ್ನು ಹೆಣೆದು, ಅವಕ್ಕೆ ನರ್ಸು, ಸಮಾಜ ಕಾರ್ಯಕರ್ತರು, ಔಷಧ ತಜ್ಞರನ್ನು ಕೊಡುವುದು. ಇದನ್ನು ರೂಪಿಸುವ ಕೆಲಸ ಊರಿನ ಡಾಕ್ಟರುಗಳ ಸಂಘ ಮತ್ತು ಪ್ರಾಧಿಕಾರ ಎರಡಕ್ಕೂ ಸೇರಿತ್ತು. ಆದರೂ 2022ರಲ್ಲಿ ಸುಮಾರು 10 ಲಕ್ಷ ಜನರಿಗೆ ಫ್ಯಾಮಿಲಿ ಡಾಕ್ಟರ್ ಇರಲಿಲ್ಲ. ಪ್ರಾಂತ್ಯದ ಜನಸಂಖ್ಯೆಯೇ 50 ಲಕ್ಷ ದಾಟಿ ಸ್ವಲ್ಪ. ಅಂದರೆ ಐವರಲ್ಲಿ ಒಬ್ಬರು. ವ್ಯಾಂಕೂವರ್, ಸರ್ರೆ ಕಡೆ ಹೋಗಿ ನೆಲೆಸಿದ ನಮ್ಮವರನ್ನು ಕೇಳಿದರೂ ಇದೇ ಮಾತು ಕೇಳಿಬರುತ್ತದೆ.

2023ರ ಫೆಬ್ರವರಿ 1ರಿಂದ ಫೀಸಿನ ಲೆಕ್ಕವೇ ಬದಲಾಯಿತು. ಡಾಕ್ಟರ್ ಕೊಡುವ ಸಮಯ, ವಿಸಿಟ್ಟುಗಳು, ಅವರ ಬಳಿ ಇರುವ ರೋಗಿಗಳ ಸಂಖ್ಯೆ, ಆ ರೋಗಿಗಳ ಕಾಯಿಲೆ ಎಷ್ಟು ಜಟಿಲ ಅನ್ನುವುದು ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಪತ್ರ, ವರದಿಗಳಿಗೆ ಹಿಡಿಯುವ ಹೊತ್ತಿಗೂ ದುಡ್ಡಿದೆ. ಸಾವಿರಾರು ಡಾಕ್ಟರುಗಳು ಇದಕ್ಕೆ ಸೇರಿದರು. ಹತ್ತು ವರ್ಷ ಮೊದಲೇ, 2013ರ ಘೋಷಣೆಯ ಜೊತೆಗೇ ಇದನ್ನು ಮಾಡಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಸಂಘಗಳು ಮಾಡಿದ್ದು ವ್ಯರ್ಥವಾಗಲಿಲ್ಲ. ಈಗ ಡಾಕ್ಟರ್ ಬೇಕಾದವರು ಪ್ರಾಂತ್ಯದ ಪಟ್ಟಿಯಲ್ಲಿ ಹೆಸರು ಬರೆಸುತ್ತಾರೆ, ಅವರನ್ನು ಹತ್ತಿರದ ಕ್ಲಿನಿಕ್ಕಿಗೆ ಜೋಡಿಸಲು ಊರಿನ ಮಟ್ಟದ ಈ ಹೆಣಿಗೆಯೇ ಬೇಕಾಗುತ್ತದೆ.

ಹಳೆಯ ಗಡಿ ಪೂರ್ತಿ ಅಳಿಸಿಹೋಗಿಲ್ಲ. ನೆಟ್‌ವರ್ಕಿನ ಹಲವು ನರ್ಸುಗಳಿಗೆ ಸಂಬಳ ಕೊಡುವುದು ಪ್ರಾಧಿಕಾರ, ಅವರು ಕೆಲಸ ಮಾಡುವುದು ಡಾಕ್ಟರ ಕ್ಲಿನಿಕ್ಕಿನಲ್ಲಿ. ರಜೆ ಯಾರು ಕೊಡಬೇಕು, ಕೆಲಸ ಯಾರು ಹೇಳಬೇಕು ಅನ್ನುವ ತಕರಾರು ಬಂತು. ಹಾಗಾಗಿ ಕೆಲವು ಕಡೆ ಕ್ಲಿನಿಕ್ಕೇ ನರ್ಸನ್ನು ನೇಮಿಸಿಕೊಳ್ಳಲು ಹಣ ಕೊಡುವ ದಾರಿಯನ್ನೂ ತೆರೆದಿದ್ದಾರೆ.